ಈ ವಾರದ ಸಮಸ್ಯೆ: ಹೂವಿಲ್ಲದ ಮರ ಹಣ್ಣನು ಬಿಟ್ಟಿತು

ಉಡುಪಿ (ಸಮಸ್ಯೆ ಕೊಟ್ಟವರು):
ಪದ್ಯದ ಕೊನೆಯ ಸಾಲು ಮೇಲಿದೆ. ನಾಲ್ಕು ಮಾತ್ರೆಯ ನಾಲ್ಕು ಗಣ. ಎರಡನೇ ಅಕ್ಷರ 'ವ'ಕಾರದ ಪ್ರಾಸ ತಪ್ಪಬಾರದು. ಉಳಿದ ಮೂರು ಸಾಲು ನಿಮ್ಮದು.

ಕಾರ್ಕಳ:
ಅತ್ತಿ ಮರ ಅಲ್ವಾ?

ಸಾವಿನ ಬಾಗಿಲ ನೂಕುತ ಕಣಜವು
ಜೀವವ ತೆತ್ತಿತು ಕತ್ತಲ ಮನೆಯಲಿ;
ಹೂವನು ಕಾಣದ ಊರವರೆಂದರು,
ಹೂವಿಲ್ಲದ ಮರ ಹಣ್ಣನು ಬಿಟ್ಟಿತು!

ಅತ್ತಿಗೆ ಹೂವಿಲ್ಲ ಅಂತಲ್ಲ. ನಾವು ಕಾಯಿ ಅನ್ನುವುದೇ ಅದರ ಹೂಗೊಂಚಲು, ಒಳಮುಖವಾಗಿ ಮಡಚಿಕೊಂಡಿದೆ ಅಷ್ಟೆ. ನೂರಾರು ಸಣ್ಣ ಹೂಗಳು ಒಳಗೇ ಅರಳುತ್ತವೆ. ತುದಿಯಲ್ಲಿ ಒಂದು ಕಿರುಗಂಡಿ. ಹೆಣ್ಣು ಕಣಜ ಪರಾಗ ಹೊತ್ತು ಅದರಲ್ಲಿ ತೂರುವಾಗ ರೆಕ್ಕೆಯೇ ಕಿತ್ತುಹೋಗುತ್ತದೆ. ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತದೆ.

ಸುರತ್ಕಲ್:
ಇದನ್ನು ಓದಿದ ಮೇಲೆ ಅತ್ತಿಯ ಹತ್ತಿರ ಹೋಗಲು ಧೈರ್ಯ ಬರಲಿಲ್ಲ. ಮರ ಅಂದರೆ ಕಂಬವೂ ಆಗಬಹುದಲ್ಲ!

ಮಾವಿನ ತೋರಣ ಕಟ್ಟಿದ ಚಪ್ಪರ,
ದೇವರ ಎದುರಿನ ಕಂಬಕೆ ಕದಳಿಯ
ಭಾವನು ತೂಗಿದ ಮಾಗಿದ ಗೊನೆಯನು;
ಹೂವಿಲ್ಲದ ಮರ ಹಣ್ಣನು ಬಿಟ್ಟಿತು!

ಮಣಿಪಾಲ:
ನಾನು ಹಲಸು ಹಿಡಿದೆ. 'ಬೇವಿನ ಪಕ್ಕದ ಹಲಸಿನ ಮರವದು' ಅಂತ ಶುರು ಮಾಡಿ ಅಲ್ಲೇ ನಿಂತೆ.

ಉಡುಪಿ:
ನಿಂತದ್ದೇ ಒಳ್ಳೆಯದಾಯಿತು. ಹಲಸಿನ ಹೂಗೊಂಚಲು ಹೊರಗೇ ಕಾಣುತ್ತದೆ. ಗಂಡುಗೊಂಚಲು ಕಪ್ಪಾಗಿ ಉದುರಿದ್ದನ್ನು ಅಂಗಳದಲ್ಲಿ ನಾವೆಲ್ಲ ಗುಡಿಸಿದವರೇ. ಭಾವನ ಗೊನೆಗೆ ನಕ್ಕುಬಿಟ್ಟೆ, ಆದರೆ ನನ್ನ ಓಟು ಕಣಜಕ್ಕೆ. ಹಳಬರಿಗೂ ಅತ್ತಿ ಮರ ಒಗಟೇ. ಹೂ ಕಾಣದೆ ಹಣ್ಣು ಬಿಡುವ ಮರಕ್ಕೆಂದೇ ಸಂಸ್ಕೃತದಲ್ಲಿ 'ವನಸ್ಪತಿ' ಎಂಬ ಹೆಸರಿತ್ತು. ದತ್ತಾತ್ರೇಯನ ಔದುಂಬರವೂ ಇದೇ.

ನಿನ್ನೆ ಕೆರೆ ಬದಿಯಿಂದ ಕೆಂಪಾಗತೊಡಗಿದ ಒಂದು ಕಾಯಿ ತಂದು ಅಡುಗೆ ಚೂರಿಯಲ್ಲಿ ಸೀಳಿದೆ. ಒಳಗಿನ ಮರಿಗಳು ಹೊರಡುವ ಹೊತ್ತಿರಬೇಕು. ಸಾಸಿವೆಯಷ್ಟು ದೊಡ್ಡ ಕಣಜವೊಂದು ಹೆಬ್ಬೆರಳು ಹತ್ತಿ, ರೆಕ್ಕೆ ಕೊಡವಿ, ಉಗುರಿನ ತುದಿಯಿಂದ ಹಾರಿತು. ಮೈಗೆ ಹುಡಿ ಮೆತ್ತಿತ್ತೋ ಏನೋ, ನನ್ನ ಕಣ್ಣಿಗೆ ಕಾಣಲಿಲ್ಲ.

ಮುಂದಿನ ವಾರಕ್ಕೆ: 'ಒಣಗಿದ ಹೂವಿಗೆ ಘಮಘಮ ಯೌವನ.' ಒಣಗಿದರೂ ಪರಿಮಳ ಬಿಡದ ಹೂ ಅಂದರೆ ಸುರಗಿ, ಗೊತ್ತು. ಅದಕ್ಕೇ ಸುರಗಿ ಅಂತ ಬರೆದವರ ಪದ್ಯ ತೆಗೆದುಕೊಳ್ಳುವುದಿಲ್ಲ.

ಸುರತ್ಕಲ್:
ಭಾವನನ್ನು ತರಬಹುದಾ?