ಸಹಾಯ ಬೇಕು: ಜೋಳದ ಸುಳಿಯಲ್ಲಿ ಸಿಕ್ಕಿರುವ ಗೂಡು ಯಾವ ಕಣಜದ್ದು?

ಎಲ್ಲರಿಗೂ ನಮಸ್ಕಾರ. ನಮ್ಮದು ಹಾಸನ ಜಿಲ್ಲೆ, ಅರಕಲಗೂಡು ಕಡೆ. ಮುಸುಕಿನ ಜೋಳಕ್ಕೆ ಈ ಸಲವೂ ಫಾಲ್ ಆರ್ಮಿವರ್ಮ್ ಬಿದ್ದಿದೆ, 2018ರಲ್ಲಿ ನಮ್ಮ ರಾಜ್ಯಕ್ಕೆ ಬಂದ ಅದೇ ಸೈನಿಕ ಹುಳು. ಆದರೆ ಸುಳಿ ಬಿಡಿಸಿ ನೋಡಿದರೆ ಅಲ್ಲಲ್ಲಿ ಮರಿಹುಳು ಮುದುಡಿ ಸತ್ತಿದೆ, ಬರೀ ಚರ್ಮ ಉಳಿದಿದೆ. ಪಕ್ಕದಲ್ಲೇ ಅಕ್ಕಿಕಾಳಿನಷ್ಟು ಉದ್ದದ ಮಾಸಲು ಬಿಳಿ ಗೂಡು, ಮೇಲೆ ಕಂದು ಚುಕ್ಕೆ. ಹುಳುವಿನ ಒಳಗೇ ಬೆಳೆದು ಹೊರಬರುವ ಪರಾವಲಂಬಿ ಕಣಜದ್ದೇ ಇರಬೇಕು. ಕ್ಯಾಂಪೊಲೆಟಿಸ್ಸಾ, ಕೊಟೇಸಿಯಾನಾ? ಗೊತ್ತಿರೋರು ದಯವಿಟ್ಟು ಹೇಳಿ, ಫೋಟೋ ಕಾಮೆಂಟಲ್ಲಿ ಹಾಕ್ತೀನಿ.

ಕೆಲವು ಮೊಟ್ಟೆ ಗುಂಪೂ ಕಪ್ಪಾಗಿವೆ. ಮರಿಯಾಗುವ ಮುಂಚೆ ಮೊಟ್ಟೆ ಕಪ್ಪಗಾಗೋದು ಸಹಜ, ಆದರೆ ಎರಡು ಮೂರು ದಿನಕ್ಕೆ ಒಡೀಬೇಕು. ಇವು ಒಡೆದಿಲ್ಲ. ಮೊಟ್ಟೆಯೊಳಗೇ ಬೆಳೆಯುವ ಪುಟ್ಟ ಕಣಜಗಳಾದ ಟೆಲಿನೋಮಸ್ ಅಥವಾ ಟ್ರೈಕೋಗ್ರಾಮಾ ಒಳಗಿದೆಯಾ ಅಂತ ಆಸೆ. ಬಾಟಲಿಯಲ್ಲಿಟ್ಟು ಕಾಯಬೇಕು ಅಂದರೆ ಮುಚ್ಚೋಕೆ ಎಂಥ ಬಟ್ಟೆ, ತೇವ ಎಷ್ಟಿರಬೇಕು?

ಔಷಧಿ ಹೊಡಿ ಅಂತ ಮನೇಲಿ ಅಣ್ಣ ಅವಸರ ಮಾಡ್ತಿದ್ದಾರೆ. ಹೊಡೆದರೆ ಈ ಕಣಜಗಳೂ ಹೋಗ್ತವೆ, ನನಗೆ ಮನಸ್ಸಿಲ್ಲ. ಬೇವಿನ ಕಷಾಯ, ಬಿ.ಟಿ. (ಹುಳು ಕೊಲ್ಲುವ ಬ್ಯಾಕ್ಟೀರಿಯಾ) ಅಥವಾ ಮೆಟಾರೈಜಿಯಂ ಶಿಲೀಂಧ್ರ ಬಳಸಿ ಕಣಜ ಉಳಿಸಿಕೊಂಡವರು ಇದ್ದರೆ ಯಾವ ಹಂತದಲ್ಲಿ, ದಿನದ ಯಾವ ಹೊತ್ತಲ್ಲಿ ಹೊಡೆದಿರಿ ಅಂತ ತಿಳಿಸಿ. ಬೆಳೆ ಮೊಣಕಾಲುದ್ದ ಇದೆ, ಈ ವಾರವೇ ತೀರ್ಮಾನ ಮಾಡಬೇಕು.