ಐರಿಕ್ಸ್ ಡೆಸ್ಕ್‌ಟಾಪನ್ನು ಡೆಬಿಯನ್ ಮೇಲೆ ಮತ್ತೆ ಕಟ್ಟಬಹುದೇ? ಲೈಸೆನ್ಸ್ ಗೊಂದಲ ಬಿಡಿಸಿಕೊಡಿ

ಶಿರಾಗೇಟ್_ಲ್ಯಾಬ್ (ತುಮಕೂರು):

ಎಲ್ಲರಿಗೂ ನಮಸ್ಕಾರ. ಅಂತರಸನಹಳ್ಳಿಯ ಟೂಲ್ ರೂಮ್ ಒಂದರಿಂದ ನಮ್ಮ ಲ್ಯಾಬಿಗೆ ಸಿಲಿಕಾನ್ ಗ್ರಾಫಿಕ್ಸ್ (ಎಸ್‌ಜಿಐ) ಕಂಪನಿಯ ಓ2 ಎಂಬ ಹಳೆ ವರ್ಕ್‌ಸ್ಟೇಷನ್ ಬಂದಿದೆ. ಅದರ ಆಪರೇಟಿಂಗ್ ಸಿಸ್ಟಂ ಐರಿಕ್ಸ್ 6.5 ಬೂಟ್ ಆಗುತ್ತದೆ, ಸೀಡಿಗಳೂ ಇವೆ. ಲ್ಯಾಬಿನಲ್ಲಿ ಡೆಬಿಯನ್ 12 ಲಿನಕ್ಸ್ ಹಾಕಿದ 12 ಪೀಸಿಗಳಿವೆ, ತಲಾ 4 ಜಿಬಿ ರ‍್ಯಾಮ್. ಮೂಲೆಯಲ್ಲಿ ಕೂರುವ ಟೂಲ್‌ಚೆಸ್ಟ್ ಮೆನು, ಡೆಸ್ಕ್‌ಗಳ ಓವರ್‌ವ್ಯೂ, ಎಷ್ಟು ದೊಡ್ಡದು ಮಾಡಿದರೂ ಒಡೆಯದ ಗೆರೆ ಐಕಾನ್, ಇಷ್ಟು ಈ ಪೀಸಿಗಳಲ್ಲಿ ಬೇಕು. ನಾಲ್ಕು ಜಿಬಿಯಲ್ಲಿ ಸಲೀಸಾಗಿ ಓಡುವ, ಕಣ್ಣಿಗೆ ಹಿತವಾದ ಡೆಸ್ಕ್‌ಟಾಪ್ ಅದು.

ಕೇಳಬೇಕಾದದ್ದು ಮೂರು. ಓ2ನಿಂದ ಪ್ರೋಗ್ರಾಂ, ಐಕಾನ್, ಫಾಂಟ್ ಎತ್ತಿ ಹಾಕಿಕೊಳ್ಳಬಹುದೇ? ಲೈಸೆನ್ಸ್ ಫೈಲೇ ಇಲ್ಲದ ಒಂದು ಸೋರ್ಸ್ ಗಂಟನ್ನು ಒಬ್ಬರು ಕಳಿಸಿದ್ದಾರೆ, "ಕಂಪನಿಯೇ ಮುಳುಗಿತು, ಇನ್ನು ಕೇಳೋರ್ಯಾರು" ಅನ್ನುತ್ತಾರೆ. ಇದು ಸರಿಯೇ? ಇಲ್ಲವಾದರೆ ಸಿಡಿಇ ಎಂಬ ಹಳೆ ಯುನಿಕ್ಸ್ ಡೆಸ್ಕ್‌ಟಾಪ್ ಹಿಡಿದು ಶುರು ಮಾಡಬೇಕೇ?

—

ಮೋಟಿಫ್_ತಿಪಟೂರು:

ಸಾರ್, ಮೊದಲನೆಯದಕ್ಕೆ ತಾಂತ್ರಿಕ ಉತ್ತರವೇ ಸಾಕು. ಓ2ದ ಪ್ರೋಗ್ರಾಂಗಳು ಮಿಪ್ಸ್ ಪ್ರೊಸೆಸರ್‌ಗೆ ಕಂಪೈಲ್ ಆದವು, ನಿಮ್ಮ ಪೀಸಿಯಲ್ಲಿ ಓಡುವುದೇ ಇಲ್ಲ. ಎಮ್ಯುಲೇಟರ್‌ನಲ್ಲಿ ಓಡಿಸಿದರೆ ಅದು ಮ್ಯೂಸಿಯಂ ಆಗುತ್ತದೆ, ಲ್ಯಾಬ್ ಡೆಸ್ಕ್‌ಟಾಪ್ ಆಗುವುದಿಲ್ಲ.

ಸೋರ್ಸ್ ಗಂಟನ್ನು ಬಿಚ್ಚಲೇಬೇಡಿ. ಯಾಕೆ ಅನ್ನುವುದನ್ನು ಕೋಲಾರದ ಮೇಡಂ ನನಗಿಂತ ಚೆನ್ನಾಗಿ ಹೇಳುತ್ತಾರೆ.

ಸಿಡಿಇ ಹಿಡಿಯಿರಿ, ಅದೇ ಗಟ್ಟಿ ನೆಲ. ಎಚ್‌ಪಿಯವರ ವ್ಯೂ ಡೆಸ್ಕ್‌ಟಾಪ್ ಅಡಿಪಾಯದ ಮೇಲೆ ಎಚ್‌ಪಿ, ಐಬಿಎಂ, ಸನ್, ನಾವೆಲ್ ಸೇರಿ ಕಟ್ಟಿದ್ದು. 2012ರ ಆಗಸ್ಟ್‌ನಲ್ಲಿ ಓಪನ್ ಗ್ರೂಪ್ ಎಂಬ ಸಂಸ್ಥೆ ಅದರ ಸೋರ್ಸನ್ನು ಎಲ್‌ಜಿಪಿಎಲ್ ಎಂಬ ಮುಕ್ತ ಲೈಸೆನ್ಸ್ ಅಡಿ ಬಿಟ್ಟಿತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಅದರ ಬಟನ್, ಮೆನು ಬಿಡಿಸುವ ಲೈಬ್ರರಿ ಮೋಟಿಫ್ 2.3.4 ಕೂಡ ಎಲ್‌ಜಿಪಿಎಲ್ 2.1ಕ್ಕೆ ಬಂತು. ಈ ತಾರೀಖು ನೆನಪಿರಲಿ. 2000ದಲ್ಲಿ ಬಂದ "ಓಪನ್ ಮೋಟಿಫ್" ಹೆಸರಿಗೆ ಓಪನ್ ಆಗಿತ್ತೇ ಹೊರತು, ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಂ ಮೇಲೆ ಮಾತ್ರ ಬಳಸಬಹುದು ಎಂಬ ಷರತ್ತು ಅದಕ್ಕಿತ್ತು. ಆ ಕಾಲದ ಯಾವುದೋ ಪ್ಯಾಚ್ ಸಿಕ್ಕರೆ ಇಂದಿನ ಮೋಟಿಫ್‌ಗೆ ಕಣ್ಣುಮುಚ್ಚಿ ಸೇರಿಸಬೇಡಿ.

ಡೆಬಿಯನ್ 12ರಲ್ಲಿ ಬಿಲ್ಡ್ ಹೀಗೆ. ಬಿಲ್ಡ್ ಎಸೆನ್ಷಿಯಲ್, ಆಟೊಮೇಕ್, ಲಿಬ್‌ಟೂಲ್, ಬೈಸನ್, ಫ್ಲೆಕ್ಸ್, ಎಂ4, ಕೆಎಸ್‌ಎಚ್, ಟಿಸಿಎಲ್, ಓಪನ್ ಎಸ್‌ಪಿ, ಎನ್‌ಕಂಪ್ರೆಸ್, ಆರ್‌ಪಿಸಿಬೈಂಡ್, ಎಕ್ಸ್‌ಬಿಟ್‌ಮ್ಯಾಪ್ಸ್ ಹಾಕಿ. ಜೊತೆಗೆ ಮೋಟಿಫ್, ಎಕ್ಸ್‌ಎಫ್‌ಟಿ, ಎಕ್ಸ್‌ಪಿಎಂ, ಎಕ್ಸಿನೆರಾಮಾ, ಪ್ಯಾಮ್, ಟಿಐಆರ್‌ಪಿಸಿ, ಜೆಪೆಗ್, ಯುಟೆಂಪ್ಟರ್‌ಗಳ ಡೆವ್ ಪ್ಯಾಕೇಜುಗಳು ಬೇಕು. 100 ಡಿಪಿಐ ಬಿಟ್‌ಮ್ಯಾಪ್ ಫಾಂಟ್ ಪ್ಯಾಕೇಜ್ ಮರೆತರೆ ಬಿಲ್ಡ್ ಆಗುತ್ತದೆ, ಆದರೆ ಫ್ರಂಟ್ ಪ್ಯಾನೆಲ್ (ಪರದೆ ಕೆಳಗಿನ ಪಟ್ಟಿ) ಅಕ್ಷರಗಳೆಲ್ಲ ಅಡ್ಡಾದಿಡ್ಡಿ ಬರುತ್ತವೆ. ಲೊಕೇಲ್‌ನಲ್ಲಿ ಅಮೆರಿಕನ್ ಇಂಗ್ಲಿಷ್ ಯುಟಿಎಫ್-8 ಇರಲೇಬೇಕು. ಆಮೇಲೆ ಆಟೊಜೆನ್, ಕಾನ್ಫಿಗರ್, ಮೇಕ್, ರೂಟ್ ಆಗಿ ಮೇಕ್ ಇನ್‌ಸ್ಟಾಲ್. ಎಲ್ಲವೂ ಯುಎಸ್ಆರ್ ಕೆಳಗೆ ಡಿಟಿ ಎಂಬ ಫೋಲ್ಡರಿಗೆ ಹೋಗಿ ಕೂರುತ್ತದೆ. ನಾಳೆ ಡೆಬಿಯನ್ 13ಕ್ಕೆ ಹೋದಾಗ ಅಲ್ಲಿನ ಜಿಸಿಸಿ 14 ಹಳೆ ಸಿ ಕೋಡನ್ನು ಸಹಿಸುವುದಿಲ್ಲ. ಘೋಷಣೆಯಿಲ್ಲದ ಫಂಕ್ಷನ್ ಕರೆ ಮೊದಲು ಬರೀ ಎಚ್ಚರಿಕೆ, ಈಗ ನೇರ ಎರರ್. "ಎಫ್-ಪರ್ಮಿಸಿವ್" ಫ್ಲ್ಯಾಗ್ ಕೊಟ್ಟರೆ ತಾತ್ಕಾಲಿಕವಾಗಿ ದಾಟುತ್ತದೆ, ಸರಿಯಾದ ದಾರಿ ಹೆಡರ್ ಸೇರಿಸುವುದು.

ಲಾಗಿನ್‌ಗೆ ಲೈಟ್‌ಡಿಎಂ ಸಾಕು. ಸೆಷನ್ ಫೈಲಿನಲ್ಲಿ ಡಿಟಿ ಫೋಲ್ಡರಿನ ಎಕ್ಸ್‌ಸೆಷನ್ ಸ್ಕ್ರಿಪ್ಟ್ ತೋರಿಸಿ. ಎಕ್ಸ್.ಆರ್ಗ್ ಎಂಬ ಹಳೆ ಪರದೆ ವ್ಯವಸ್ಥೆಯ ಮೇಲೆಯೇ ಓಡಿಸಿ, ಹೊಸ ವೇಲ್ಯಾಂಡ್‌ನಲ್ಲಿ ಇದು ನಡೆಯುವುದಿಲ್ಲ.

ಇನ್ನು ಐರಿಕ್ಸ್ ಮುಖ. ಅದರ ವಿಂಡೋ ಮ್ಯಾನೇಜರ್ 4ಡಿಡಬ್ಲ್ಯೂಎಂ, ಮೋಟಿಫ್‌ನ ಎಂಡಬ್ಲ್ಯೂಎಂನಿಂದಲೇ ಹುಟ್ಟಿದ್ದು. ಆದ್ದರಿಂದ ಇಎಂಡಬ್ಲ್ಯೂಎಂ ಎಂಬ ಮುಕ್ತ ಮರಿಯನ್ನು ತೆಗೆದುಕೊಂಡರೆ ನಿಮ್ಮ ಗುರಿಗೆ ಸಿಡಿಇಗಿಂತ ಹತ್ತಿರ. ಸಿಡಿಇಯ ಫ್ರಂಟ್ ಪ್ಯಾನೆಲ್ ನಿಮಗೆ ಬೇಕಿಲ್ಲ ಎಂದಾದರೆ ಇದನ್ನೇ ಹಾಕಿ ಎಂಬುದು ನನ್ನ ಅಭಿಪ್ರಾಯ. ಒಂದು ಕಡೆ ಎಲ್ಲರೂ ಎಡವುತ್ತಾರೆ: ಐರಿಕ್ಸ್ ಪ್ರೋಗ್ರಾಂಗಳ ರಿಸೋರ್ಸ್ ಫೈಲಿನಲ್ಲಿ "ಎಸ್‌ಜಿಐ ಮೋಡ್: ಟ್ರೂ", "ಯೂಸ್ ಸ್ಕೀಮ್ಸ್: ಆಲ್" ಅಂತ ಇರುತ್ತದೆ. ಆ ಸಾಲುಗಳನ್ನು ಲಿನಕ್ಸ್‌ನ ಮೋಟಿಫ್‌ಗೆ ಕೊಟ್ಟರೆ ಏನೂ ಆಗುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಎಸ್‌ಜಿಐ ತನ್ನ ಮೋಟಿಫ್ ಲೈಬ್ರರಿಯನ್ನೇ ತಿದ್ದಿಕೊಂಡಿತ್ತು, ಆ ತಿದ್ದುಪಡಿ ಹೊರಗೆ ಬಂದ ಮೋಟಿಫ್‌ನಲ್ಲಿಲ್ಲ. ಮೌಸ್ ತಾಗಿದಾಗ ಬಟನ್ ಬೆಳಗುವುದು, ಅಂಚಿನ ಎರಡು ಪದರದ ನೆರಳು, ಇವನ್ನೆಲ್ಲ ವಿಜೆಟ್ ಬಿಡಿಸುವ ಕೋಡಿನಲ್ಲಿ ನೀವೇ ಹೊಸದಾಗಿ ಬರೆಯಬೇಕು.

ಮೆನುವಿನ ಅಕ್ಷರ ಮಾತ್ರ ಪುಕ್ಕಟೆ ಸಿಗುತ್ತದೆ. ಐರಿಕ್ಸ್ ಮೆನುವಿನ ಆ ಓರೆ ದಪ್ಪ ಅಕ್ಷರ ಹೆಲ್ವೆಟಿಕಾ ಬೋಲ್ಡ್ ಆಬ್ಲಿಕ್. ಎಕ್ಸ್.ಆರ್ಗ್ ಜೊತೆ ಬರುವ ಅಡೋಬಿ ಹೆಲ್ವೆಟಿಕಾ ಬಿಟ್‌ಮ್ಯಾಪ್‌ನಲ್ಲಿ 14 ಪಿಕ್ಸೆಲ್ ಅಳತೆ ಹಾಕಿ, ಓ2 ಪಕ್ಕ ಇಟ್ಟು ನೋಡಿ. ಆ ಫಾಂಟಿನ ಲೈಸೆನ್ಸ್ ಉದಾರವಾದದ್ದು.

—

ಹಕ್ಕುಪತ್ರ_ಕೋಲಾರ:

"ಕಂಪನಿ ಮುಳುಗಿತು, ಕೇಳೋರ್ಯಾರು" ಅನ್ನುವವರಿಗೆ ಒಂದೇ ಪ್ರಶ್ನೆ ಕೇಳಿ: ಜಮೀನಿನ ಯಜಮಾನ ಊರು ಬಿಟ್ಟರೆ ಪಹಣಿ ಬದಲಾಗುತ್ತದೆಯೇ? ಸಾಫ್ಟ್‌ವೇರಿಗೂ ಮೂಲಪತ್ರ, ಮ್ಯುಟೇಷನ್ ಇರುತ್ತದೆ. ಎಸ್‌ಜಿಐ 2006ರಲ್ಲಿ ಒಮ್ಮೆ, 2009ರಲ್ಲಿ ಮತ್ತೊಮ್ಮೆ ದಿವಾಳಿ ಅರ್ಜಿ ಹಾಕಿತು. 2009ರಲ್ಲಿ ರ‍್ಯಾಕಬಲ್ ಸಿಸ್ಟಮ್ಸ್ ಅದರ ಆಸ್ತಿ ಕೊಂಡು ತನ್ನ ಹೆಸರನ್ನೇ ಸಿಲಿಕಾನ್ ಗ್ರಾಫಿಕ್ಸ್ ಇಂಟರ್‌ನ್ಯಾಷನಲ್ ಎಂದು ಬದಲಿಸಿತು, 2016ರಲ್ಲಿ ಅದನ್ನು ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಕೊಂಡಿತು. ಹಳೆ ಎಸ್‌ಜಿಐನ ಪೇಟೆಂಟುಗಳು ಗ್ರಾಫಿಕ್ಸ್ ಪ್ರಾಪರ್ಟೀಸ್ ಹೋಲ್ಡಿಂಗ್ಸ್ ಎಂಬ ಬೇರೆ ಖಾತೆಯಲ್ಲಿ ಉಳಿದವು. ಡೆಸ್ಕ್‌ಟಾಪಿನ ಒಳಗೆ ಮೂರನೆಯವರ ಪಾಲೂ ಇದೆ, ಅಡೋಬಿಯ ಡಿಸ್‌ಪ್ಲೇ ಪೋಸ್ಟ್‌ಸ್ಕ್ರಿಪ್ಟ್ ಅದರಲ್ಲೊಂದು. ಅಂದರೆ ಇವತ್ತಿನ ಯಜಮಾನರು ಮನಸ್ಸು ಮಾಡಿದರೂ ಇಡೀ ಗಂಟನ್ನು ಒಂದೇ ಸಹಿಯಲ್ಲಿ ಬಿಡಲು ಬರುವುದಿಲ್ಲ. ಸಿಡಿಇ ಬಿಟ್ಟುಕೊಡುವುದು ಸಾಧ್ಯವಾಗಿದ್ದು, ಅಷ್ಟು ಕಂಪನಿಗಳ ಪರವಾಗಿ ಲೈಸೆನ್ಸ್ ಕೊಡುವ ಒಂದು ಸಂಸ್ಥೆ ಇದ್ದದ್ದರಿಂದ.

ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ಲೆಕ್ಕ. ಬರೆದವರ ಜೀವಿತಾವಧಿ, ಅದರ ಮೇಲೆ 60 ವರ್ಷ. ಅಂತರರಾಷ್ಟ್ರೀಯ ಕೃತಿಸ್ವಾಮ್ಯ ಆದೇಶ 1999ರ ಮೂಲಕ ವಿದೇಶಿ ಕೃತಿಗೂ ಇಲ್ಲಿ ರಕ್ಷಣೆ ಇದೆ. ಲೈಸೆನ್ಸ್ ಫೈಲ್ ಇಲ್ಲ ಅಂದರೆ ಎಲ್ಲ ಹಕ್ಕೂ ಕಾಯ್ದಿರಿಸಿದೆ ಎಂದೇ ಅರ್ಥ, ಬಿಟ್ಟಿ ಎಂದಲ್ಲ. ಕದ್ದ ಪ್ರತಿ ಎಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ ಸೆಕ್ಷನ್ 63ಬಿ: 7 ದಿನದಿಂದ 3 ವರ್ಷ ಸಜೆ, 50,000ದಿಂದ 2 ಲಕ್ಷ ರೂಪಾಯಿ ದಂಡ. ಲ್ಯಾಬ್ ನಡೆಸುವವರು ಈ ಸಾಲನ್ನು ಎರಡು ಸಲ ಓದಬೇಕು.

ಆದರೆ ಇದೇ ಕಾಯ್ದೆ ನಿಮಗೆ ಬಾಗಿಲನ್ನೂ ತೆರೆದಿದೆ. ಸೆಕ್ಷನ್ 52(1)(ಎಸಿ) ಪ್ರಕಾರ ನಿಮ್ಮಲ್ಲಿರುವ ಪ್ರೋಗ್ರಾಂ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಿ, ಅಭ್ಯಾಸ ಮಾಡಿ, ಪರೀಕ್ಷಿಸಿ ಅದರ ಹಿಂದಿನ ತತ್ವ ತಿಳಿಯಬಹುದು. 52(1)(ಎಬಿ) ಪ್ರಕಾರ, ಬೇರೆಲ್ಲೂ ಸುಲಭವಾಗಿ ಸಿಗದಿದ್ದರೆ, ಸ್ವತಂತ್ರವಾಗಿ ಬರೆದ ಪ್ರೋಗ್ರಾಂ ಅದರ ಜೊತೆ ಹೊಂದಿಕೊಳ್ಳಲು ಬೇಕಾದ ಮಾಹಿತಿ ಪಡೆಯಬಹುದು. ಆರ್.ಜಿ. ಆನಂದ್ ಪ್ರಕರಣದಲ್ಲಿ (1978) ಸುಪ್ರೀಂ ಕೋರ್ಟ್ ಹೇಳಿದ್ದೂ ಅದೇ: ಕಲ್ಪನೆಗೆ ಹಕ್ಕಿಲ್ಲ, ಅದನ್ನು ಮೂಡಿಸಿದ ರೂಪಕ್ಕೆ ಹಕ್ಕು. ಟೂಲ್‌ಚೆಸ್ಟ್ ಮೂಲೆಯಲ್ಲಿ ಕೂತು ಪಕ್ಕಕ್ಕೆ ಮೆನು ಬಿಚ್ಚುವುದು ಕಲ್ಪನೆ. ಅದರ ಐಕಾನಿನ ಚಿತ್ರ ರೂಪ.

ಹಾಗಾಗಿ ಕೆಲಸ ಇಬ್ಭಾಗ ಮಾಡಿ. ಒಂದು ಗುಂಪು ಓ2 ಮುಂದೆ ಕೂತು ನೋಡಿದ್ದನ್ನು ಬರೆಯಲಿ: ಎಲ್ಲಿ ಒತ್ತಿದರೆ ಏನಾಯಿತು, ಎಷ್ಟು ಪಿಕ್ಸೆಲ್, ಯಾವ ಬಣ್ಣ. ಇನ್ನೊಂದು ಗುಂಪು ಆ ಬರಹ ಮಾತ್ರ ಓದಿ ಕೋಡ್ ಬರೆಯಲಿ. ಆ ಸೋರ್ಸ್ ಗಂಟನ್ನು ತೆರೆದು ನೋಡಿದವರು ಯಾರಾದರೂ ಇದ್ದರೆ ಅವರನ್ನು ಎರಡನೇ ಗುಂಪಿಗೆ ಸೇರಿಸಬೇಡಿ, ಪರೀಕ್ಷೆ ಮಾಡುವ ಕೆಲಸ ಕೊಡಿ. ಹೊಸದಕ್ಕೆ ಎಸ್‌ಜಿಐ, ಐರಿಕ್ಸ್ ಎಂಬ ಹೆಸರು, ಲೋಗೋ ಇಡಬೇಡಿ, ಅದು ಟ್ರೇಡ್‌ಮಾರ್ಕ್ ವಿಷಯ. ಯಾರಾದರೂ ಅನುಮತಿ ಕೊಡುತ್ತೇವೆ ಎಂದರೆ ಬಾಯಿಮಾತು ಸಾಲದು, ಸೆಕ್ಷನ್ 30ರ ಪ್ರಕಾರ ಲೈಸೆನ್ಸ್ ಬರಹದಲ್ಲೇ ಇರಬೇಕು. ಯಾವ ಫೈಲ್, ಯಾವ ಬಳಕೆ, ತಿದ್ದಿ ಹಂಚಬಹುದೇ, ಮೂರೂ ಅದರಲ್ಲಿರಲಿ.

—

ಶಿರಾಗೇಟ್_ಲ್ಯಾಬ್:

ಮೇಡಂ, ಸಾರ್, ಇಬ್ಬರಿಗೂ ಧನ್ಯವಾದ. ಗಂಟನ್ನು ಬಿಚ್ಚಿರಲಿಲ್ಲ, ಅಳಿಸಿಬಿಟ್ಟೆವು. ಹೋಲಿಕೆಗಿರಲಿ ಎಂದು ಒಂದು ಪೀಸಿಯಲ್ಲಿ ಸಿಡಿಇ ಬಿಲ್ಡ್ ಮಾಡಿದೆವು. ಲಾಗಿನ್ ಆದ ಮೇಲೆ ಹೊತ್ತು ತಿಂದು "ಮೆಸೇಜಿಂಗ್ ಸಿಸ್ಟಂ ಶುರುವಾಗಲಿಲ್ಲ" ಎಂಬ ಡಬ್ಬಿ ಬರುತ್ತದೆ. ಇನ್ನೊಂದು, "ಡ್ರಾಯಿಂಗ್" ಅಂತ ಕನ್ನಡದಲ್ಲಿ ಫೋಲ್ಡರ್ ಹೆಸರಿಟ್ಟರೆ ರ ಒತ್ತು ಕೆಳಗೆ ಕೂರುವುದಿಲ್ಲ, ಅಕ್ಷರ ಬಿಡಿಬಿಡಿ. ಮತ್ತೆ, ಓ2ದ ಐಕಾನ್ ಫೈಲುಗಳು ಬರೀ ಟೆಕ್ಸ್ಟ್ ತಾನೇ, ಅವನ್ನೂ ಮುಟ್ಟಬಾರದೇ?

—

ಮೋಟಿಫ್_ತಿಪಟೂರು:

ಡಬ್ಬಿಗೆ ಕಾರಣ ಎರಡರಲ್ಲಿ ಒಂದು. ಇಟಿಸಿಯ ಹೋಸ್ಟ್ಸ್ ಫೈಲಿನಲ್ಲಿ 127.0.1.1 ಎದುರಿಗಿರುವ ಹೆಸರೂ ಹೋಸ್ಟ್‌ನೇಮ್ ಆಜ್ಞೆ ತೋರಿಸುವ ಹೆಸರೂ ಒಂದೇ ಇರಬೇಕು. ಒಂದೇ ಇಮೇಜನ್ನು 12 ಪೀಸಿಗೆ ಇಳಿಸಿ ಹೋಸ್ಟ್‌ನೇಮ್ ಮಾತ್ರ ಬದಲಿಸಿದರೆ ಇದು ಖಂಡಿತ ಕೈಕೊಡುತ್ತದೆ, ಯಾಕೆಂದರೆ ಟೂಲ್‌ಟಾಕ್ (ಸಿಡಿಇಯ ಮೆಸೇಜಿಂಗ್ ಸಿಸ್ಟಂ) ತನ್ನ ಮೆಷಿನ್ನನ್ನೇ ಹೆಸರು ಹಿಡಿದು ಹುಡುಕುತ್ತದೆ. ಎರಡನೆಯದು ಆರ್‌ಪಿಸಿಬೈಂಡ್, ಸೇವೆಗಳನ್ನು ನೋಂದಾಯಿಸಿಕೊಳ್ಳುವ ಪ್ರೋಗ್ರಾಂ. ಇಟಿಸಿ, ಡಿಫಾಲ್ಟ್ ಕೆಳಗಿನ ಅದರ ಫೈಲಿನಲ್ಲಿ ಆಪ್ಷನ್ಸ್ ಸಾಲಿಗೆ ಮೈನಸ್ ಐ ಸೇರಿಸಿ ಮತ್ತೆ ಶುರು ಮಾಡಿ. ಸಾಮಾನ್ಯ ಯೂಸರ್ ಪರವಾಗಿ ಓಡುವ ಟೂಲ್‌ಟಾಕ್‌ನ ಟಿಟಿಸೆಷನ್ ನೋಂದಣಿ ಆಗಲು ಅದು ಬೇಕು. ಆದರೆ ಮೈನಸ್ ಐ ಅಂದರೆ ಬಿಗಿ ಸಡಿಲಿಸಿದ ಹಾಗೆ, ಆದ್ದರಿಂದ ಫೈರ್‌ವಾಲಿನಲ್ಲಿ 111ನೇ ಪೋರ್ಟ್ ಹೊರಗಿನವರಿಗೆ ಮುಚ್ಚಿ. 6112ನೇ ಪೋರ್ಟಿನಲ್ಲಿ ಕೇಳುವ ಸಿಡಿಇಯ ಡಿಟಿಎಸ್‌ಪಿಸಿಡಿ ಸೇವೆಯನ್ನು ಇನೆಟ್‌ಡಿಯಲ್ಲಿ ಶುರು ಮಾಡಲೇಬೇಡಿ. 2001ರಲ್ಲಿ ದೂರದಿಂದಲೇ ರೂಟ್ ಹಿಡಿಯುವ ದೊಡ್ಡ ತೂತು ಸಿಕ್ಕಿದ್ದು ಅದರಲ್ಲೇ. ಒಂದು ಡೆಸ್ಕ್‌ಟಾಪಿಗೆ ಅದರ ಅಗತ್ಯವೇ ಇಲ್ಲ.

ಕನ್ನಡದ ವಿಷಯ ನನಗೂ ನೋವಿನದು. ಮೋಟಿಫ್ 2.3 ಎಕ್ಸ್‌ಎಫ್‌ಟಿ ಮೂಲಕ ಯುಟಿಎಫ್-8 ಬಿಡಿಸುತ್ತದೆ, ಆದರೆ ಕೋಡ್‌ಪಾಯಿಂಟ್ (ಯುನಿಕೋಡ್ ಸಂಖ್ಯೆ) ಒಂದಕ್ಕೆ ಒಂದು ಗ್ಲಿಫ್ (ಅಕ್ಷರದ ಚಿತ್ರ) ಇಟ್ಟುಕೊಂಡು ಹೋಗುತ್ತದೆ ಅಷ್ಟೇ. ಡ, ಅರ್ಧಾಕ್ಷರದ ಚಿಹ್ನೆ, ರ, ದೀರ್ಘ, ನಾಲ್ಕೂ ಸಾಲಾಗಿ ನಿಲ್ಲುತ್ತವೆ. ಒತ್ತು ಕೂರಿಸುವ ಕೆಲಸ ಹಾರ್ಫ್‌ಬಜ್ ಲೈಬ್ರರಿಯದು, ಅದನ್ನು ಇಲ್ಲಿ ಯಾರೂ ಕರೆಯುವುದೇ ಇಲ್ಲ. ಬರೀ ಬಿಡಿಸುವ ಜಾಗದಲ್ಲಿ ಹಾರ್ಫ್‌ಬಜ್ ಸೇರಿಸಿದರೆ ಅರ್ಧ ಕೆಲಸ ಆದಂತೆ. ಅಗಲ ಅಳೆಯುವ ಕಡೆಯೂ ಅದೇ ಲೆಕ್ಕ ಬರಬೇಕು, ಇಲ್ಲದಿದ್ದರೆ ಲೇಬಲ್ ಕತ್ತರಿಸುತ್ತದೆ, ಟೈಪಿಸುವಾಗ ಕರ್ಸರ್ ಅಕ್ಷರದ ಹೊಟ್ಟೆಯೊಳಗೆ ನಿಲ್ಲುತ್ತದೆ. ಲೇಬಲ್ ಮತ್ತು ಐಕಾನ್ ಹೆಸರಿಗೆ ಮೊದಲು ಮಾಡಿ, ಟೈಪಿಸುವ ಪೆಟ್ಟಿಗೆ ಆಮೇಲೆ. ಕನ್ನಡದ ಲ್ಯಾಬಿನಿಂದ ಈ ಪ್ಯಾಚ್ ಹೊರಟರೆ ತಮಿಳು, ಮಲಯಾಳಕ್ಕೂ ಅದೇ ಆಗುತ್ತದೆ.

—

ಹಕ್ಕುಪತ್ರ_ಕೋಲಾರ:

ಐಕಾನ್ ಫೈಲ್ ಟೆಕ್ಸ್ಟ್ ಆದರೂ ಅದು ಒಬ್ಬರು ಬಿಡಿಸಿದ ಚಿತ್ರ. ಎಫ್‌ಟಿಐ ಎಂಬ ಆ ಐಕಾನ್ ಫೈಲಿನೊಳಗೆ "ವರ್ಟೆಕ್ಸ್" ಎಂದು ಬಿಂದುಗಳನ್ನು ಸಾಲಾಗಿ ಕೊಟ್ಟು ಆಕಾರ ತುಂಬಿಸಿರುತ್ತಾರೆ. ಆ ವ್ಯಾಕರಣವನ್ನು ಓದುವ ಪ್ರೋಗ್ರಾಂ ನೀವು ಬರೆಯಬಹುದು, ಆದರೆ ಅದೇ ಬಿಂದುಗಳನ್ನು ಎತ್ತಿ ಎಸ್‌ವಿಜಿ ಮಾಡಿದರೆ ಅದು ಪ್ರತಿಯೇ. ಪ್ರೋಗ್ರಾಂ ಐಕಾನ್ ಕೆಳಗಿನ ಆ ಓರೆ ಜಮಖಾನೆ ಕೂಡ ಹಾಗೆಯೇ: ಐಕಾನ್ ಕೆಳಗೆ ಒಂದು ಹಾಸು ಇರಲಿ ಎಂಬ ಯೋಚನೆ ತೆಗೆದುಕೊಳ್ಳಿ, ಹಾಸನ್ನು ನಿಮ್ಮ ಕೈಯಿಂದಲೇ ಬಿಡಿಸಿ.

ಸಿಡಿಇ ಫೈಲುಗಳ ತಲೆಬರಹ ನೋಡಿ ಹೆದರಬೇಡಿ. ಮೇಲೆ ಎಲ್‌ಜಿಪಿಎಲ್ ಟಿಪ್ಪಣಿ, ಅದರ ಕೆಳಗೆ 1993, 1994 ಎಂದು ಎಚ್‌ಪಿ, ಐಬಿಎಂ, ಸನ್, ನಾವೆಲ್ ಹೆಸರು ಇರುತ್ತದೆ. ಹಳೆ ಹೆಸರು ಹಕ್ಕಿನ ಚರಿತ್ರೆ, ಮೇಲಿನದು ಇವತ್ತಿನ ಅನುಮತಿ. ಎರಡನ್ನೂ ಅಳಿಸಬಾರದು. ಆದರೆ ಸೊಲಾರಿಸ್ ಸೀಡಿಯಿಂದ ಯಾರಾದರೂ "ಎಸ್‌ಡಿಟಿ" ಎಂದು ಶುರುವಾಗುವ ಪ್ರೋಗ್ರಾಂ ತಂದುಕೊಟ್ಟರೆ ಬೇಡ ಎನ್ನಿ. ಅವು ಸನ್ ಸ್ವಂತಕ್ಕೆ ಸೇರಿಸಿಕೊಂಡವು, 2012ರ ಬಿಡುಗಡೆಯಲ್ಲಿ ಬಂದಿಲ್ಲ.

ಲ್ಯಾಬಿನ 12 ಪೀಸಿಗಳ ಒಳಗೆ ಬಳಸುವವರೆಗೆ ಹಂಚಿಕೆಯ ಷರತ್ತು ತಟ್ಟುವುದಿಲ್ಲ. ವಿದ್ಯಾರ್ಥಿಗೆ ಪೆನ್‌ಡ್ರೈವಿನಲ್ಲಿ ಕೊಟ್ಟ ದಿನ ಅದು ಹಂಚಿಕೆ. ತಿದ್ದಿದ ಮೋಟಿಫ್, ಸಿಡಿಇಗಳ ಸೋರ್ಸನ್ನೂ ಅದೇ ಪೆನ್‌ಡ್ರೈವಿನಲ್ಲಿ ಹಾಕಿಬಿಡಿ, ಆಮೇಲೆ ಕೇಳಿದಾಗ ಹುಡುಕುವ ಪಾಡು ಇರುವುದಿಲ್ಲ.

—

ಡಿಸ್ಕ್_ಚಿಂತಾಮಣಿ:

ಇದಕ್ಕೆಲ್ಲ ಮೊದಲು ಆ ಓ2ದ ಡಿಸ್ಕನ್ನು ಉಳಿಸಿಕೊಳ್ಳಿ, ನಿಮ್ಮ ಗಮನಿಕೆಯ ಆಧಾರವೇ ಅದು. 80 ಪಿನ್ ಎಸ್‌ಸಿಎ ಸ್ಕಸಿ ಡ್ರೈವ್, ಅಡಾಪ್ಟರ್ ಮತ್ತು ಸ್ಕಸಿ ಕಾರ್ಡ್ ಹಾಕಿ ಡಿಡಿರೆಸ್ಕ್ಯೂನಿಂದ ಪೂರ್ತಿ ಇಮೇಜ್ ತೆಗೆಯಿರಿ. ಓ2ವನ್ನು ಸರಿಯಾಗಿ ಶಟ್‌ಡೌನ್ ಮಾಡಿದ ಮೇಲೆಯೇ ಡ್ರೈವ್ ಕೀಳಿ. ಆ ಡಿಸ್ಕಿನ ಫೈಲ್‌ಸಿಸ್ಟಂ ಎಕ್ಸ್‌ಎಫ್‌ಎಸ್‌ನ ಡೇಟಾ ಎಲ್ಲ ಕಡೆ ಒಂದೇ ಬೈಟ್ ಕ್ರಮದಲ್ಲಿದ್ದರೂ ಅದರ ಲಾಗ್ ಆಯಾ ಮೆಷಿನ್ನಿನ ಕ್ರಮದಲ್ಲಿರುತ್ತದೆ, ಐರಿಕ್ಸ್ ಬಿಟ್ಟುಹೋದ ಅರೆಬರೆ ಲಾಗನ್ನು ಪೀಸಿ ಓದಲಾರದು. ಮೌಂಟ್ ಮಾಡುವುದಾದರೆ ರೀಡ್ ಓನ್ಲಿ ಮತ್ತು ನೋ ರಿಕವರಿ ಎರಡೂ ಕೊಡಿ, ಅದೂ ಮೂಲ ಡ್ರೈವಿನ ಮೇಲಲ್ಲ, ಇಮೇಜಿನ ಮೇಲೆ. ಹಳೆಯ ಡೈರೆಕ್ಟರಿ ರಚನೆಯ ಡಿಸ್ಕ್ ಆದರೆ ಲಿನಕ್ಸ್ ಒಪ್ಪುವುದೇ ಇಲ್ಲ. ಆಗ ಓ2ದಲ್ಲೇ ಟಾರ್ ಕಟ್ಟಿ ನೆಟ್‌ವರ್ಕ್ ಮೇಲೆ ಎಳೆದುಕೊಳ್ಳಿ. ಸೀಡಿಗಳು ಇಎಫ್‌ಎಸ್ ಎಂಬ ಎಸ್‌ಜಿಐನ ಹಳೆ ಫೈಲ್‌ಸಿಸ್ಟಂನಲ್ಲಿವೆ, ಅವನ್ನು ಲಿನಕ್ಸ್ ಕರ್ನಲ್ ಓದಲು ಮಾತ್ರ ತೆರೆಯುತ್ತದೆ, ಸಂಬಂಧಪಟ್ಟ ಮಾಡ್ಯೂಲ್ ಲೋಡ್ ಆಗಿರಬೇಕು.

ಇಮೇಜಿನ ಶಾ256 ಲೆಕ್ಕವನ್ನು (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಗಮನಿಕೆ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ. ಯಾವ ತಾರೀಖು, ಯಾರು ನೋಡಿದರು, ಯಾವ ಪರದೆ ಎಂಬುದು ಪ್ರತಿ ನಮೂದಿನಲ್ಲೂ ಇರಲಿ.

—

ಶಿರಾಗೇಟ್_ಲ್ಯಾಬ್:

ಹೋಸ್ಟ್ಸ್ ಫೈಲೇ ಕಾರಣವಾಗಿತ್ತು, ಹೆಸರು ಸರಿಮಾಡಿದ ಕೂಡಲೇ ಸಿಡಿಇ ಬಂತು. 111 ಮುಚ್ಚಿದ್ದೇವೆ. ಡ್ರೈವಿನ ಇಮೇಜ್ ಇವತ್ತು ತೆಗೆಯುತ್ತೇವೆ, ಗಮನಿಕೆ ಗುಂಪಿಗೆ ನಾಲ್ವರು, ಕೋಡಿಗೆ ಮೂವರು ಎಂದು ಗೊತ್ತುಮಾಡಿದ್ದಾಯಿತು. ಟೂಲ್‌ಚೆಸ್ಟ್‌ನಿಂದ ಶುರು. ಹಾರ್ಫ್‌ಬಜ್ ಪ್ಯಾಚಿನ ಮೊದಲ ಕರಡು ಲೇಬಲ್‌ಗೆ ಮಾತ್ರ ಮಾಡಿ ಇಲ್ಲಿಗೇ ಹಾಕುತ್ತೇವೆ, ಅಗಲದ ಲೆಕ್ಕವನ್ನು ತಿಪಟೂರು ಸಾರ್ ಒಮ್ಮೆ ನೋಡಿಕೊಡಬೇಕು.