ಕಾಂಪ್ರಿಹೆನ್ಸಿವ್‌ಗೆ ಮೂರು ತಿಂಗಳಿದೆ, ಎಲ್ಲಿಂದ ಶುರು ಮಾಡಲಿ?

ಕೆಮಿಕಲ್ ಇಂಜಿನಿಯರಿಂಗ್‌ನಲ್ಲಿ ಪಿಎಚ್‌ಡಿ ಮಾಡ್ತಿದ್ದೇನೆ, ಎರಡನೇ ವರ್ಷ. ಕೋರ್ಸ್‌ವರ್ಕ್ ಮುಗಿದಿದೆ. ಇನ್ನು ಮೂರು ತಿಂಗಳಿಗೆ ಕಾಂಪ್ರಿಹೆನ್ಸಿವ್ ಪರೀಕ್ಷೆ. ಮೊದಲು ಲಿಖಿತ: ಥರ್ಮೋಡೈನಮಿಕ್ಸ್, ಟ್ರಾನ್ಸ್‌ಪೋರ್ಟ್ (ಹರಿವು, ಶಾಖ, ವಸ್ತುವಿನ ಸಾಗಣೆ), ರಿಯಾಕ್ಷನ್ ಇಂಜಿನಿಯರಿಂಗ್, ಗಣಿತ. ಅದಾಗಿ ಎರಡು ವಾರಕ್ಕೆ ಓರಲ್. ನಾನು ಕೆಮಿಸ್ಟ್ರಿ ಎಂಎಸ್‌ಸಿ ಮಾಡಿ ಬಂದವಳು. ಟ್ರಾನ್ಸ್‌ಪೋರ್ಟ್ ಪುಸ್ತಕ ತೆರೆದಿದ್ದಾಗ ಎಲ್ಲಾ ಅರ್ಥವಾದ ಹಾಗಿರುತ್ತದೆ, ಮುಚ್ಚಿದ ಮೇಲೆ ಕೈಗೆ ಏನೂ ಹತ್ತುವುದಿಲ್ಲ. ಬೋರ್ಡಿನ ಮುಂದೆ ನಿಲ್ಲುವುದನ್ನು ನೆನೆದರೇ ಬಾಯಿ ಒಣಗುತ್ತದೆ. ದಾಟಿದವರು ಹೇಳಿ: ಏನು ಓದಿದಿರಿ, ಏನು ಬಿಟ್ಟಿರಿ, ಎಲ್ಲಿ ಎಡವಿದಿರಿ?

ಎರಡನೇ ಸಲಕ್ಕೆ ಪಾಸಾದವನು

ಎಡವಿದ ಕಥೆಯಿಂದಲೇ ಶುರು ಮಾಡುತ್ತೇನೆ, ಆ ವಿಷಯದಲ್ಲಿ ನನ್ನ ಪಾಂಡಿತ್ಯ ಜಾಸ್ತಿ.

ಮೊದಲ ಓರಲ್‌ನಲ್ಲಿ ಕೇಳಿದ ಮೊದಲ ಪ್ರಶ್ನೆ: ನಿಂತ ದ್ರವದಲ್ಲಿ ಒಂದು ಗೋಳ ನಿಧಾನವಾಗಿ ಕರಗುತ್ತಿದೆ, ಶೆರ್‌ವುಡ್ ಸಂಖ್ಯೆ (ಬರೀ ಡಿಫ್ಯೂಷನ್‌ಗೆ ಹೋಲಿಸಿದ ವಸ್ತು ಸಾಗಣೆಯ ಅಳತೆ) ಎಷ್ಟು? ನಾನು ಎದೆಯುಬ್ಬಿಸಿ 2 ಅಂದೆ. ‘ಯಾಕೆ 2?’ ಅಂದರು. ಅಲ್ಲೇ ನಿಂತೆ. ಕೋರಿಲೇಷನ್‌ನಲ್ಲಿ (ಪ್ರಯೋಗದಿಂದ ಕಟ್ಟಿದ ಸೂತ್ರದಲ್ಲಿ) ಮೊದಲ ಪದ 2 ಅಂತಿರುತ್ತದೆ, ಅದಕ್ಕೇ 2. ಅದಕ್ಕಿಂತ ಆಚೆ ನಾನು ಯೋಚಿಸಿಯೇ ಇರಲಿಲ್ಲ. ಅವರೇ ಕೈಹಿಡಿದು ನಡೆಸಿದರು: ಗೋಳದ ಸುತ್ತ ಒಂದು ತೆಳು ಚಿಪ್ಪು ತಗೋ, ಒಳಬಂದದ್ದು ಹೊರಹೋದದ್ದು ಬರಿ, ದೂರದಲ್ಲಿ ಸಾಂದ್ರತೆ ಸೊನ್ನೆ. ಐದು ಸಾಲಿನಲ್ಲಿ ಬಂತು. ಮಾಸ್ ಟ್ರಾನ್ಸ್‌ಫರ್ ಗುಣಾಂಕ ಅಂದರೆ ಡಿಫ್ಯೂಸಿವಿಟಿಯನ್ನು (ವಸ್ತು ತಾನಾಗಿ ಹರಡುವ ಚುರುಕನ್ನು) ತ್ರಿಜ್ಯದಿಂದ ಭಾಗಿಸಿದ್ದು. ವ್ಯಾಸವನ್ನು ಉದ್ದವಾಗಿ ಹಿಡಿದರೆ ಶೆರ್‌ವುಡ್ ಸಂಖ್ಯೆ 2. ಬೇರೆ ಗುಟ್ಟೇನಿಲ್ಲ.

ಆಮೇಲೆ ಬಂತು ನಿಜವಾದ ಪ್ರಶ್ನೆ. ‘ಗೋಳದ ಬದಲು ಉದ್ದನೆಯ ಸಿಲಿಂಡರ್ ಆದರೆ?’ ನಾನು ‘ಇನ್ಯಾವುದೋ ಒಂದು ಸಂಖ್ಯೆ ಬರುತ್ತೆ ಸರ್’ ಅಂದೆ. ಬರುವುದಿಲ್ಲ! ಕೊನೆಯಿಲ್ಲದ ಸಿಲಿಂಡರ್‌ಗೆ ಪರಿಹಾರ ಲಾಗರಿದಮ್ ಆಗುತ್ತದೆ, ಅದು ದೂರ ಹೋದಷ್ಟೂ ಬೆಳೆಯುತ್ತಲೇ ಇರುತ್ತದೆ, ದೂರದಲ್ಲಿ ಸೊನ್ನೆ ಅನ್ನುವ ಷರತ್ತಿಗೆ ಹೊಂದುವುದೇ ಇಲ್ಲ. ಸ್ಥಿರಸ್ಥಿತಿಯೇ ಇಲ್ಲ. ಇದೇ ತೊಡಕು ಸಿಲಿಂಡರ್ ಸುತ್ತ ಅತಿ ನಿಧಾನದ ಹರಿವಿನಲ್ಲೂ ಬರುತ್ತದೆ, ಅದಕ್ಕೆ ಸ್ಟೋಕ್ಸ್ ಪ್ಯಾರಡಾಕ್ಸ್ ಅಂತ ಹೆಸರೇ ಇದೆ. ಇದೆಲ್ಲ ಫೇಲಾದ ಮೇಲೆ ಗೊತ್ತಾದ ವಿಷಯ ಅನ್ನಿ.

ಎರಡನೇ ಸಲ ಪುಸ್ತಕ ಓದುವುದನ್ನೇ ಕಮ್ಮಿ ಮಾಡಿದೆ. ಸುಮಾರು ನಲವತ್ತು ಫಲಿತಾಂಶಗಳ ಪಟ್ಟಿ ಮಾಡಿಕೊಂಡು, ದಿನಕ್ಕೆ ಒಂದನ್ನು ಖಾಲಿ ಹಾಳೆಯ ಮೇಲೆ ಸೊನ್ನೆಯಿಂದ ಬರೆದೆ. ಬಂದ ಮೇಲೆ ಪ್ರತಿಯೊಂದಕ್ಕೂ ಎರಡು ಪ್ರಶ್ನೆ: ಇದು ಯಾವ ಊಹೆಯ ಮೇಲೆ ನಿಂತಿದೆ? ಆ ಊಹೆ ಕಿತ್ತುಕೊಂಡರೆ ಏನಾಗುತ್ತದೆ? ಪೈಪಿನಲ್ಲಿ ಪೂರ್ತಿ ಬೆಳೆದ ಲ್ಯಾಮಿನಾರ್ (ಸುಳಿಯಿಲ್ಲದೆ ಪದರ ಪದರವಾಗಿ ಸಾಗುವ) ಹರಿವಿಗೆ, ಗೋಡೆಯ ತಾಪ ಸ್ಥಿರವಾದರೆ ನಸೆಲ್ಟ್ ಸಂಖ್ಯೆ (ಶೆರ್‌ವುಡ್ ಸಂಖ್ಯೆಯ ಶಾಖದ ಜೋಡಿ) 3.66, ಹೀಟ್ ಫ್ಲಕ್ಸ್ ಸ್ಥಿರವಾದರೆ 4.36. ಸಂಖ್ಯೆ ಬಾಯಿಪಾಠ ಇದ್ದರೆ ಸಾಲದು. ಪೈಪಿನ ಬಾಯಿಯಲ್ಲಿ ಅದು ಇನ್ನೂ ಜಾಸ್ತಿ ಯಾಕೆ, ವೇಗ ಹೆಚ್ಚಿಸಿದರೂ ಬದಲಾಗದ್ದು ಯಾಕೆ ಅಂತ ಕೇಳುತ್ತಾರೆ.

ಲಿಖಿತ ಮೊದಲು, ಓರಲ್ ಆಮೇಲೆ

ಮೇಲಿನವರ ಮಾತು ಓರಲ್‌ಗೆ ಸರಿ. ಆದರೆ ಲಿಖಿತವೇ ಕೈಕೊಟ್ಟರೆ ಓರಲ್‌ನಲ್ಲಿ ಗೋಳ ಕರಗಿಸಲು ಯಾರೂ ಕರೆಯುವುದಿಲ್ಲ. ನಮ್ಮ ಬ್ಯಾಚಿನಲ್ಲಿ ಇಬ್ಬರು ಡಿರೈವೇಷನ್‌ಗಳಲ್ಲೇ ಮುಳುಗಿ, ಗಡಿಯಾರ ಇಟ್ಟು ಒಂದು ಲೆಕ್ಕವನ್ನೂ ಬಿಡಿಸದೆ ಹೋಗಿ ಅರ್ಧ ಪೇಪರ್ ಬಿಟ್ಟು ಬಂದರು. ಹಳೆಯ ಪ್ರಶ್ನೆಪತ್ರಿಕೆ ಹುಡುಕಿ, ಸೀನಿಯರ್‌ಗಳ ಕಾಲು ಹಿಡಿಯಿರಿ. ವಾರಕ್ಕೊಂದು ಪೂರ್ತಿ ಪೇಪರ್, ಮೂರು ಗಂಟೆ, ಫೋನ್ ಬೇರೆ ಕೋಣೆಯಲ್ಲಿ.

ಇನ್ನೊಂದು: ಫ್ರಿಕ್ಷನ್ ಫ್ಯಾಕ್ಟರ್ (ಪೈಪಿನ ಘರ್ಷಣೆಯ ಅಳತೆ) ಬರೆಯುವಾಗ ಫ್ಯಾನಿಂಗ್‌ದೋ ಡಾರ್ಸಿಯದೋ ಅಂತ ಮೊದಲೇ ಬರೆದಿಡಿ. ಲ್ಯಾಮಿನಾರ್‌ಗೆ ಒಂದರಲ್ಲಿ ಮೇಲೆ 16, ಇನ್ನೊಂದರಲ್ಲಿ 64, ಕೆಳಗೆ ಎರಡರಲ್ಲೂ ರೆನಾಲ್ಡ್ಸ್ ಸಂಖ್ಯೆ (ಜಡತ್ವಕ್ಕೂ ಸ್ನಿಗ್ಧತೆಗೂ ಇರುವ ಅನುಪಾತ). ನಾಲ್ಕು ಪಟ್ಟಿನ ತಪ್ಪು ಇಲ್ಲೇ ಹುಟ್ಟುತ್ತದೆ. ನನಗೂ ಹುಟ್ಟಿತ್ತು.

ಮೇಜಿನ ಆಚೆ ಬದಿಯಿಂದ

ಕಮಿಟಿಯಲ್ಲಿ ಕೂರುವವನು ನಾನು. ಕೆಲವು ವರ್ಷಗಳಿಂದ ಪ್ರಶ್ನೆ ಕೇಳುತ್ತಿದ್ದೇನೆ, ಹಾಗಾಗಿ ಒಂದೆರಡು ಒಳಗಿನ ಮಾತು.

ಮುಂದಿನ ಪ್ರಶ್ನೆ ಯಾವುದು ಅನ್ನುವುದನ್ನು ಮುಕ್ಕಾಲು ಪಾಲು ವಿದ್ಯಾರ್ಥಿಯೇ ನಿರ್ಧರಿಸುತ್ತಾನೆ. ನೀವು ಬಾಯಿತಪ್ಪಿ ‘ಎಂಟ್ರಪಿ ಜಾಸ್ತಿ ಆಗಬೇಕಲ್ಲ ಸರ್’ ಅಂದರೆ, ‘ಯಾವುದರ ಎಂಟ್ರಪಿ?’ ಅಂತ ಕೇಳದೆ ಬಿಡುವವರು ನಮ್ಮಲ್ಲಿ ಯಾರೂ ಇಲ್ಲ. ಗೊತ್ತಿರುವ ಪದಗಳನ್ನಷ್ಟೇ ಉದುರಿಸಿ.

ನನಗೆ ಇಷ್ಟದ ಒಂದು ಪ್ರಶ್ನೆ ಹೇಳಿಬಿಡುತ್ತೇನೆ, ಹಳೆಯದೇ, ಕದ್ದ ಹಾಗಾಗುವುದಿಲ್ಲ. ಉಷ್ಣ ಸೋರದ ಒಂದು ಖಾಲಿ ಟ್ಯಾಂಕು, ಒಳಗೆ ನಿರ್ವಾತ. ಹೊರಗಿನ ಗಾಳಿ 300 ಕೆಲ್ವಿನ್. ಕವಾಟ ತೆರೆದರೆ ಗಾಳಿ ನುಗ್ಗುತ್ತದೆ, ಒತ್ತಡ ಸಮನಾದಾಗ ಕವಾಟ ಮುಚ್ಚುತ್ತೇವೆ. ಒಳಗಿನ ತಾಪ ಎಷ್ಟು? ಅರ್ಧ ಜನ 300 ಅನ್ನುತ್ತಾರೆ. ಕೆಲವರು ‘ಅನಿಲ ಹಿಗ್ಗಿತು, ತಣ್ಣಗಾಗುತ್ತೆ’ ಅನ್ನುತ್ತಾರೆ. ಎನರ್ಜಿ ಬ್ಯಾಲೆನ್ಸ್ ಬರೆದವರಿಗೆ ಮಾತ್ರ ಕಾಣುತ್ತದೆ: ಒಳಹೋಗುವುದು ಎಂಥಾಲ್ಪಿ (ಇಂಟರ್ನಲ್ ಎನರ್ಜಿ ಜೊತೆಗೆ ತಳ್ಳುವ ಕೆಲಸ), ಒಳಗೆ ಉಳಿಯುವುದು ಇಂಟರ್ನಲ್ ಎನರ್ಜಿ. ಹಿಂದಿನ ಗಾಳಿ ಮುಂದಿನದನ್ನು ತಳ್ಳಿದ ಕೆಲಸವೆಲ್ಲ ಶಾಖವಾಗಿ ಕೂತಿದೆ. ತಾಪ 1.4 ಪಟ್ಟು (ಗಾಳಿಯ ಎರಡು ಉಷ್ಣಧಾರಣೆಗಳ ಅನುಪಾತ), ಅಂದರೆ 420 ಕೆಲ್ವಿನ್.

ಇಷ್ಟು ಬಂದರೆ ಪಾಸು. ಆದರೆ ನನ್ನ ಕುತೂಹಲ ಇರುವುದು ಮುಂದಿನದರಲ್ಲಿ: ‘ಲ್ಯಾಬಿನಲ್ಲಿ ಕಬ್ಬಿಣದ ಟ್ಯಾಂಕಿನಲ್ಲಿ ಮಾಡಿ ನೋಡಿದರೆ 420 ಕಾಣುತ್ತಾ?’ ಒಂದು ಘನ ಮೀಟರ್ ಗಾಳಿ ತೂಗುವುದು ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು, ಅದನ್ನು ಹಿಡಿದಿಡುವ ಲೋಹ ಅದರ ಎಷ್ಟೋ ಪಟ್ಟು. ಆ ಶಾಖವನ್ನು ಗೋಡೆ ಸದ್ದಿಲ್ಲದೆ ನುಂಗುತ್ತದೆ. ಸಮೀಕರಣ ಬಿಟ್ಟು ಟ್ಯಾಂಕನ್ನು ನೋಡಿದ ಹುಡುಗ ಇದನ್ನು ಹೇಳುತ್ತಾನೆ.

ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ತಪ್ಪಿಲ್ಲ. ಆದರೆ ಅಲ್ಲಿಗೇ ಬಾಯಿ ಮುಚ್ಚಬೇಡಿ. ‘ಈ ಸೂತ್ರ ನೆನಪಿಲ್ಲ, ಆದರೆ ಇದು ಯಾವುದರ ಮೇಲೆ ಅವಲಂಬಿಸಿರಬೇಕು ಅಂತ ಯೋಚಿಸಬಲ್ಲೆ’ ಅಂದವರನ್ನು ನಾವು ಫೇಲ್ ಮಾಡಿದ ನೆನಪು ನನಗಿಲ್ಲ.

ಮತ್ತೆ, ನಿಮ್ಮದೇ ಸಂಶೋಧನೆಯ ಬಗ್ಗೆ ಕೇಳುವ ಸರಳ ಪ್ರಶ್ನೆಗೆ ತಯಾರಿರಿ. ಒಬ್ಬ ವಿದ್ಯಾರ್ಥಿ ಎರಡು ವರ್ಷ ಕಲಕುವ ಪಾತ್ರೆಯಲ್ಲಿ ವೇಗದ ರಿಯಾಕ್ಷನ್ ನಡೆಸಿದ್ದ. ‘ನಿನ್ನ ಪಾತ್ರೆಯಲ್ಲಿ ಮೊದಲು ಮುಗಿಯುವುದು ಯಾವುದು, ಮಿಶ್ರಣವೋ ರಿಯಾಕ್ಷನ್ನೋ?’ ಅಂದೆ. ತಬ್ಬಿಬ್ಬಾದ. ಸ್ವಂತ ಪ್ರಯೋಗದ ಡ್ಯಾಮ್‌ಕೋಲರ್ ಸಂಖ್ಯೆಯನ್ನು (ರಿಯಾಕ್ಷನ್ ವೇಗಕ್ಕೂ ಮಿಶ್ರಣದ ವೇಗಕ್ಕೂ ಇರುವ ಅನುಪಾತವನ್ನು) ಒಂದು ಸಲವೂ ಲೆಕ್ಕ ಹಾಕಿರಲಿಲ್ಲ.

ಕೆಮಿಸ್ಟ್ರಿಯಿಂದ ಬಂದ ಇನ್ನೊಬ್ಬಳು

ನಿಮ್ಮ ಪ್ರಶ್ನೆ ಓದಿ ನನ್ನದೇ ಡೈರಿ ಓದಿದಂತಾಯಿತು. ಬಿಇ ಮಾಡಿ ಬಂದವರಿಗೆ ನಾಲ್ಕು ವರ್ಷದಲ್ಲಿ ಮೈಗೂಡಿದ್ದನ್ನು ನಾವು ಮೂರು ತಿಂಗಳಲ್ಲಿ ಮೈಗೂಡಿಸಿಕೊಳ್ಳಬೇಕು. ಆದೀತು. ಆದರೆ ಎಲ್ಲವನ್ನೂ ಸಮ ಪಾಲಿನಲ್ಲಿ ಓದಲು ಹೋಗಬೇಡಿ. ನಿಮ್ಮ ಹೊತ್ತಿನ ಅರ್ಧ ಟ್ರಾನ್ಸ್‌ಪೋರ್ಟ್‌ಗೆ ಕೊಡಿ. ಗಣಿತ ಅದರ ಜೊತೆಗೇ ಬರುತ್ತದೆ: ಚರಾಂಶ ಬೇರ್ಪಡಿಸುವ ವಿಧಾನವನ್ನು ಬರಿ ಗಣಿತವಾಗಿ ಕಲಿಯಲು ಹೋಗಿ ನಾನು ಸೋತೆ, ತಣ್ಣಗಾಗುವ ಚಪ್ಪಡಿಯ ಲೆಕ್ಕವಾಗಿ ಕಲಿತಾಗ ಎರಡೇ ದಿನದಲ್ಲಿ ಬಂತು. ಥರ್ಮೋದಲ್ಲಿ ನಮಗೆ ಬುನಾದಿ ಇದೆ. ಹರಿಯುವ ವ್ಯವಸ್ಥೆಯ ಬ್ಯಾಲೆನ್ಸ್ ಮಾತ್ರ ಹೊಸದು, ಮೇಲಿನ ಟ್ಯಾಂಕಿನ ಲೆಕ್ಕದಂಥದ್ದು.

ನನಗೆ ಅತಿ ಹೆಚ್ಚು ಉಪಕಾರವಾದದ್ದು ಒಂದು ಹಾಳೆ. ಅದರಲ್ಲಿ ಸೂತ್ರಗಳಿರಲಿಲ್ಲ, ಬರೀ ಅಳತೆಗಳಿದ್ದವು. ದ್ರವದಲ್ಲಿ ಡಿಫ್ಯೂಸಿವಿಟಿ ಸೆಕೆಂಡಿಗೆ 10ರ ಘಾತ −9 ಚದರ ಮೀಟರ್ ಆಸುಪಾಸು, ಅನಿಲದಲ್ಲಿ −5. ನೀರಿನ ಕೈನೆಮ್ಯಾಟಿಕ್ ವಿಸ್ಕಾಸಿಟಿ −6. ಅಲ್ಲಿಗೆ ನೀರಿನಲ್ಲಿ ಸ್ಮಿಟ್ ಸಂಖ್ಯೆ (ವಿಸ್ಕಾಸಿಟಿಯನ್ನು ಡಿಫ್ಯೂಸಿವಿಟಿಯಿಂದ ಭಾಗಿಸಿದ್ದು) ಸುಮಾರು 1000 ಅಂತ ತಾನಾಗೇ ಬರುತ್ತದೆ. ಚಪ್ಪಟೆ ತಟ್ಟೆಯ ಮೇಲೆ ಸಾಂದ್ರತೆಯ ಪದರ ವೇಗದ ಪದರದ ಹತ್ತನೇ ಒಂದರಷ್ಟು ತೆಳು ಅನ್ನುವುದೂ ಬರುತ್ತದೆ, ಯಾಕೆಂದರೆ 1000ದ ಘನಮೂಲ 10. ಓರಲ್‌ನಲ್ಲಿ ನನ್ನನ್ನು ಕೇಳಿದ್ದು: ‘ಕಲಕದೆ ಬಿಟ್ಟರೆ ಒಂದು ಸೆಂಟಿಮೀಟರ್ ನೀರಿನಲ್ಲಿ ಉಪ್ಪು ಹರಡಲು ಎಷ್ಟು ಹೊತ್ತು?’ ದೂರದ ವರ್ಗವನ್ನು ಡಿಫ್ಯೂಸಿವಿಟಿಯಿಂದ ಭಾಗಿಸಿದೆ, ಒಂದು ಲಕ್ಷ ಸೆಕೆಂಡು, ಒಂದು ದಿನಕ್ಕೂ ಮಿಕ್ಕಿ. ಹಾಳೆ ಕೈಯಲ್ಲಿರಲಿಲ್ಲ, ತಲೆಯಲ್ಲಿತ್ತು.

ರಿಯಾಕ್ಷನ್ ಇಂಜಿನಿಯರಿಂಗ್ ನಮ್ಮ ತವರು ಅಂದುಕೊಂಡು ಮೈಮರೆಯಬೇಡಿ. ಎಂಎಸ್‌ಸಿಯಲ್ಲಿ ಅರ್ಹೀನಿಯಸ್ ಗ್ರಾಫ್ (ತಾಪದೊಂದಿಗೆ ದರ ಹೇಗೆ ಬದಲಾಗುತ್ತದೆ ಅನ್ನುವ ರೇಖೆ) ಮೇಲಿನ ತಾಪದಲ್ಲಿ ಬಾಗಿದರೆ ‘ಮೆಕ್ಯಾನಿಸಂ ಬದಲಾಗಿದೆ’ ಅಂತ ಬರೆದು ಮುಂದೆ ಹೋಗುತ್ತಿದ್ದೆವು. ಇಲ್ಲಿ ಹಾಗೆ ಹೇಳಿದರೆ ಹಿಡಿದುಕೊಳ್ಳುತ್ತಾರೆ. ರಂಧ್ರಗಳುಳ್ಳ ಕ್ಯಾಟಲಿಸ್ಟ್ ಪೆಲೆಟ್‌ನಲ್ಲಿ ತಾಪ ಏರಿದಂತೆ ರಿಯಾಕ್ಷನ್ ಓಡುತ್ತದೆ, ಒಳಗಿನ ಡಿಫ್ಯೂಷನ್ ಹಿಂದೆ ಬೀಳುತ್ತದೆ. ಆಗ ಕಾಣುವ ದರ, ರೇಟ್ ಕಾನ್‌ಸ್ಟಂಟ್ ಮತ್ತು ಡಿಫ್ಯೂಸಿವಿಟಿಗಳ ಗುಣಲಬ್ಧದ ವರ್ಗಮೂಲಕ್ಕೆ ಅನುಗುಣ. ಹಾಗಾಗಿ ಕಾಣುವ ಆಕ್ಟಿವೇಷನ್ ಎನರ್ಜಿ ನಿಜದ್ದರ ಅರ್ಧದಷ್ಟು. ಮೆಕ್ಯಾನಿಸಂ ಅದೇ, ರಸ್ತೆ ಮಾತ್ರ ಕಿರಿದು. ‘ಇದನ್ನು ಸಾಬೀತು ಮಾಡುವುದು ಹೇಗೆ?’ ಅಂತಲೂ ಕೇಳುತ್ತಾರೆ. ಪೆಲೆಟ್ ಪುಡಿ ಮಾಡಿ ನೋಡಿ: ಗ್ರಾಂ ಲೆಕ್ಕದ ದರ ಏರಿದರೆ ತೊಡಕು ಒಳಗಿನದು. ಹರಿವಿನ ವೇಗ ಹೆಚ್ಚಿಸಿದರೆ ಏರುವುದಾದರೆ ಹೊರಗಿನದು.

ಒಂದೇ ಸಾಲು

ಬಯೋ ಮತ್ತು ನಸೆಲ್ಟ್ ಸಂಖ್ಯೆ ಎರಡರ ಸೂತ್ರವೂ ಒಂದೇ ಥರ ಕಾಣುತ್ತದೆ. ಒಂದರಲ್ಲಿ ಘನದ ವಾಹಕತೆ, ಇನ್ನೊಂದರಲ್ಲಿ ದ್ರವದ್ದು. ಇದನ್ನು ಕೇಳದ ಓರಲ್ ನಾನು ಕಂಡಿಲ್ಲ.

ಬೋರ್ಡಿನ ಭಯ ಇದ್ದವನು

ಬಾಯಿ ಒಣಗುವುದಕ್ಕೆ ಓದು ಮದ್ದಲ್ಲ. ನಾವು ಮೂವರು ವಾರಕ್ಕೆರಡು ಸಂಜೆ ಖಾಲಿ ಕ್ಲಾಸ್‌ರೂಮಿನಲ್ಲಿ ಸೇರುತ್ತಿದ್ದೆವು. ಒಬ್ಬ ಬೋರ್ಡಿಗೆ, ಇಬ್ಬರು ಕಮಿಟಿ. ನಿಯಮ ಒಂದೇ: ಬೋರ್ಡಿನಲ್ಲಿರುವವನು ಬಾಯಿ ಬಿಟ್ಟು ಯೋಚಿಸಬೇಕು, ಮೌನವಾಗಿ ಬರೆಯುವಂತಿಲ್ಲ. ಮೊದಲ ವಾರ ನಾಚಿಕೆಯಾಯಿತು. ಯೂನಿಟ್ ಆಪರೇಷನ್ಸ್ ಚೆನ್ನಾಗಿ ಬಲ್ಲ ಗೆಳೆಯ ಡಿಸ್ಟಿಲೇಷನ್ ಕಾಲಂನ ಆಪರೇಟಿಂಗ್ ಲೈನ್ ಯಾಕೆ ಸರಳರೇಖೆ ಅಂತ ಹೇಳಲಾರದೆ ಬೆವತ. (ಲೇಟೆಂಟ್ ಹೀಟ್ ಹೆಚ್ಚುಕಮ್ಮಿ ಸಮ ಅನ್ನುವ ಊಹೆ, ಅದರಿಂದ ಮೋಲ್ ಹರಿವು ತಟ್ಟೆಯಿಂದ ತಟ್ಟೆಗೆ ಬದಲಾಗುವುದಿಲ್ಲ.) ನಾಲ್ಕನೇ ವಾರಕ್ಕೆ ಚಾಕ್‌ಪೀಸ್ ಹಿಡಿದ ಕೈ ನಡುಗುವುದು ನಿಂತಿತ್ತು. ಸಾಧ್ಯವಾದರೆ ಕೊನೆಯ ಅಣಕು ಓರಲ್‌ಗೆ ಬೇರೆ ಗುಂಪಿನ ಪೋಸ್ಟ್‌ಡಾಕ್ ಒಬ್ಬರನ್ನು ಕೂರಿಸಿ, ಗೆಳೆಯರು ಎಷ್ಟೆಂದರೂ ಕರುಣೆ ತೋರುತ್ತಾರೆ.

ಬಿಟ್ಟದ್ದೇನು ಅಂತ ಕೇಳಿದ್ದೀರಲ್ಲ: ಉದ್ದುದ್ದ ಕೋರಿಲೇಷನ್‌ಗಳ ಘಾತಾಂಕಗಳನ್ನೆಲ್ಲ ಬಿಟ್ಟೆ. ಆದರೆ ಮಾಸ್ ಟ್ರಾನ್ಸ್‌ಫರ್ ಗುಣಾಂಕ ಡಿಫ್ಯೂಸಿವಿಟಿಯ ಯಾವ ಘಾತ ಅನ್ನುವುದನ್ನು ಬಿಡಬೇಡಿ. ಫಿಲ್ಮ್ ಥಿಯರಿಯಲ್ಲಿ 1, ಪೆನಿಟ್ರೇಷನ್‌ನಲ್ಲಿ ಅರ್ಧ, ಗಟ್ಟಿ ಗೋಡೆಯ ಬೌಂಡರಿ ಲೇಯರ್‌ನಲ್ಲಿ ಮೂರನೇ ಎರಡು.

ಪ್ರಶ್ನೆ ಕೇಳಿದವಳು

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಗೋಳದ್ದನ್ನು ಪುಸ್ತಕ ಮುಚ್ಚಿ ಬರೆದೆ, ಬಂತು. ಸಿಲಿಂಡರ್‌ನಲ್ಲಿ ಲಾಗರಿದಮ್ ಎದುರಾದಾಗ ನಗು ಬಂತು. ಲ್ಯಾಬಿನ ಇಬ್ಬರು ಬೋರ್ಡಿಗೆ ಬರುವುದಾಗಿ ಒಪ್ಪಿದ್ದಾರೆ. ಪೆಲೆಟ್ ವಿಷಯ ಓದುವಾಗ ಒಂದು ಸಂಶಯ: ಎಫೆಕ್ಟಿವ್‌ನೆಸ್ ಫ್ಯಾಕ್ಟರ್ (ಪೆಲೆಟ್‌ನ ನಿಜ ದರವನ್ನು, ಒಳಗೆಲ್ಲ ಮೇಲ್ಮೈಯಂತೆಯೇ ಇದ್ದರೆ ಬರುವ ದರದಿಂದ ಭಾಗಿಸಿದ್ದು) 1ನ್ನು ದಾಟಬಹುದೇ? ಶಾಖ ಬಿಡುವ ರಿಯಾಕ್ಷನ್ ಆದರೆ ಒಳಗೆ ಬಿಸಿ ಹೆಚ್ಚು, ದಾಟುತ್ತೆ ಅನ್ನಿಸಿತು.

ಮೇಜಿನ ಆಚೆ ಬದಿಯಿಂದ

ಸರಿ. ಈಗ ನಾನು ಕೇಳುವುದು: ಪೆಲೆಟ್ ಉದ್ದಕ್ಕೂ ತಾಪ ಒಂದೇ ಇದ್ದರೂ ದಾಟಬಹುದೇ?

ಪ್ರಶ್ನೆ ಕೇಳಿದವಳು

ಅರ್ಧ ದಿನ ಹಿಡಿಯಿತು. ದಾಟಬಹುದು, ಸಾಂದ್ರತೆ ಕಮ್ಮಿಯಾದಷ್ಟೂ ದರ ಹೆಚ್ಚುವ ರಿಯಾಕ್ಷನ್ ಆದರೆ. ಪ್ಲಾಟಿನಂ ಮೇಲೆ ಕಾರ್ಬನ್ ಮಾನಾಕ್ಸೈಡ್ ಉತ್ಕರ್ಷಣ ಹಾಗೇ ಅಲ್ಲವೇ? ಮಾನಾಕ್ಸೈಡ್ ಮೇಲ್ಮೈಯೆಲ್ಲ ಆಕ್ರಮಿಸಿ ಆಮ್ಲಜನಕಕ್ಕೆ ಜಾಗವೇ ಬಿಡುವುದಿಲ್ಲ. ಪೆಲೆಟ್‌ನ ಒಳಗೆ ಅದು ವಿರಳವಾದಾಗ ಜಾಗ ಸಿಗುತ್ತದೆ, ದರ ಏರುತ್ತದೆ. ಇದನ್ನು ಎಂಎಸ್‌ಸಿಯ ಸರ್ಫೇಸ್ ಕೆಮಿಸ್ಟ್ರಿ ನೋಟ್ಸ್‌ನಲ್ಲಿ ಹುಡುಕಿ ತೆಗೆದೆ.

ಮೇಜಿನ ಆಚೆ ಬದಿಯಿಂದ

ಆ ನೋಟ್ಸ್ ಬಿಸಾಡಬೇಡಿ. ನಾಳೆ ಬೋರ್ಡಿನಲ್ಲಿ ಅದರ ದರದ ಸಮೀಕರಣ ಬರೆದು, ಎಷ್ಟು ಸಾಂದ್ರತೆಗೆ ದರ ಶಿಖರ ಮುಟ್ಟುತ್ತದೆ ಅಂತ ಲ್ಯಾಬಿನ ಇಬ್ಬರಿಗೂ ವಿವರಿಸಿ.